ಮಲ್ಪೆಯ ರಂಪಣಿ ಹೇಳುವ ಕಥೆ: ತಂಡದ ರಚನೆಯೂ ಹೊಸತನವೂ

ಹೊಸ ಸಂಶೋಧನೆ, ಹೊಸ ಆವಿಷ್ಕಾರ ಎಂಬ ಮಾತು ಕೇಳಿದೊಡನೆ ನಿಮ್ಮ ಮನಸ್ಸು ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳಿಗೆ, ವಿದೇಶದ ಪ್ರಯೋಗಾಲಯಗಳಿಗೆ, ಹೆಚ್ಚೆಂದರೆ ಮಣಿಪಾಲದ ಕಾಲೇಜುಗಳಿಗೆ. ಉಡುಪಿಯಿಂದ ಪಶ್ಚಿಮಕ್ಕೆ ಐದಾರು ಕಿಲೋಮೀಟರ್ ಹೋದರೆ ಸಿಗುವ ಮಲ್ಪೆಯ ಕಡಲ ತೀರಕ್ಕೆ ಮಾತ್ರ ಹೋಗುವುದಿಲ್ಲ. ಬಲೆ, ದೋಣಿ, ಮೀನು ಇವುಗಳಲ್ಲಿ ಹೊಸತೇನಿದೆ ಎಂದು ನಾವು ಭಾವಿಸುತ್ತೇವೆ. ಆದರೆ ಕಳೆದ ಅರುವತ್ತು, ಎಪ್ಪತ್ತು ವರ್ಷಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಯಾವ ಉದ್ಯೋಗ ಅತಿ ಹೆಚ್ಚು ಬದಲಾಗಿದೆ ಎಂದು ಲೆಕ್ಕ ಹಾಕಿದರೆ ಮೀನುಗಾರಿಕೆಯ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ.

ಈ ಬದಲಾವಣೆಯ ಇತಿಹಾಸವನ್ನು ಸಾಮಾನ್ಯವಾಗಿ ಯಂತ್ರದ ಇತಿಹಾಸವಾಗಿ ಹೇಳಲಾಗುತ್ತದೆ. ಇಂಜಿನ್ ಬಂತು, ನೈಲಾನ್ ಬಂತು, ಐಸ್ ಪ್ಲಾಂಟ್ ಬಂತು ಎಂದು. ಇದೇ ಇತಿಹಾಸವನ್ನು ಇನ್ನೊಂದು ಬದಿಯಿಂದಲೂ ಓದಬಹುದು. ಅದು ತಂಡಗಳ ಇತಿಹಾಸ. ಎಷ್ಟು ಜನ ಒಟ್ಟಾಗಿ ಕೆಲಸ ಮಾಡುತ್ತಿದ್ದರು, ಅವರಲ್ಲಿ ಯಾರ ಮಾತು ನಡೆಯುತ್ತಿತ್ತು, ಲಾಭ ಹೇಗೆ ಹಂಚಿಕೆಯಾಗುತ್ತಿತ್ತು, ನಷ್ಟವಾದರೆ ಯಾರ ಮನೆಯ ಒಲೆ ಉರಿಯುತ್ತಿರಲಿಲ್ಲ ಎಂಬ ಪ್ರಶ್ನೆಗಳನ್ನು ಕೇಳುತ್ತಾ ಹೋದರೆ, ಒಂದು ತಂಡ ಹೊಸ ದಾರಿಯನ್ನು ಯಾಕೆ ಹಿಡಿಯಿತು, ಇನ್ನೊಂದು ಯಾಕೆ ಹಿಡಿಯಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಸಂಘ ಸಂಸ್ಥೆಗಳಲ್ಲಿ ದುಡಿಯುವ ಹಿರಿಯರಿಗೂ, ನಾಳೆ ಯಾವುದೋ ಕಚೇರಿಯ ಅಥವಾ ಕಾರ್ಖಾನೆಯ ಸಣ್ಣ ತಂಡವೊಂದರಲ್ಲಿ ಸೇರಲಿರುವ ವಿದ್ಯಾರ್ಥಿಗಳಿಗೂ ಈ ಕಥೆಯಲ್ಲಿ ಕಲಿಯಲು ಸಾಕಷ್ಟಿದೆ.

ರಂಪಣಿ ಎಂಬ ದೊಡ್ಡ ಕುಟುಂಬ

ರಂಪಣಿ ಎಂಬ ಹೆಸರನ್ನು ನಿಮ್ಮಲ್ಲಿ ಹಲವರು ಅಜ್ಜ, ಅಜ್ಜಿಯರ ಬಾಯಿಂದ ಕೇಳಿರಬಹುದು. ಇದು ದಡದಿಂದ ಎಳೆಯುವ ಬೃಹತ್ ಬಲೆ. ಮೀನಿನ ಗುಂಪು ದಡದ ಹತ್ತಿರ ಬಂದಾಗ ದೊಡ್ಡ ದೋಣಿಯೊಂದು ಬಲೆಯನ್ನು ಹೇರಿಕೊಂಡು ಹೋಗಿ ಸಮುದ್ರದಲ್ಲಿ ಅರ್ಧಚಂದ್ರಾಕಾರವಾಗಿ ಬಿಡುತ್ತಾ ಮತ್ತೆ ದಡಕ್ಕೆ ಬರುತ್ತಿತ್ತು. ಆಮೇಲೆ ಎರಡೂ ತುದಿಗಳ ಹಗ್ಗವನ್ನು ಹಿಡಿದು ಜನರು ದಡದಲ್ಲಿ ನಿಂತು ಎಳೆಯುತ್ತಿದ್ದರು. ಒಂದು ರಂಪಣಿಗೆ ಅರುವತ್ತು, ಎಂಬತ್ತು ಜನ ಬೇಕಾಗುತ್ತಿತ್ತು. ಬಲೆ ದೊಡ್ಡದಾದರೆ ಇನ್ನೂ ಹೆಚ್ಚು. ಬೂತಾಯಿ ಮತ್ತು ಬಂಗುಡೆ ಇದರ ಮುಖ್ಯ ಬೇಟೆ. 1970ರ ದಶಕದ ನಡುವಿನವರೆಗೂ ಕರ್ನಾಟಕ ಕರಾವಳಿಯಲ್ಲಿ ಈ ಎರಡು ಮೀನುಗಳನ್ನು ಹಿಡಿಯುವ ಪ್ರಧಾನ ಸಾಧನ ರಂಪಣಿಯೇ ಆಗಿತ್ತು. ಮೀನು ವಿಪರೀತ ಸಿಕ್ಕಿದರೆ ಬಲೆಯನ್ನು ನೀರಿನಲ್ಲೇ ಆವರಣದಂತೆ ನಿಲ್ಲಿಸಿ, ಮಾರಾಟಕ್ಕೆ ಬೇಕಾದಷ್ಟನ್ನೇ ದಿನ ದಿನವೂ ತೆಗೆಯುವ ಜಾಣ್ಮೆಯೂ ಅವರಲ್ಲಿತ್ತು. ಐಸ್ ಇಲ್ಲದ ಕಾಲದಲ್ಲಿ ಸಮುದ್ರವನ್ನೇ ಉಗ್ರಾಣ ಮಾಡಿಕೊಂಡ ಉಪಾಯ ಅದು.

ರಂಪಣಿ ಒಬ್ಬ ಧಣಿಯ ಆಸ್ತಿಯಾಗಿರಲಿಲ್ಲ. ಅದು ಪಾಲುದಾರರ ತಂಡ. ತುಂಡು ತುಂಡು ಬಲೆಗಳನ್ನು ಜೋಡಿಸಿ ಒಂದು ರಂಪಣಿಯಾಗುತ್ತಿತ್ತು. ಅನೇಕ ತಂಡಗಳಲ್ಲಿ ಸದಸ್ಯರು ತಮ್ಮ ತಮ್ಮ ಪಾಲಿನ ತುಂಡನ್ನು ತರುತ್ತಿದ್ದರು. ಸಿಕ್ಕಿದ ಮೀನಿನ ಹಣದಲ್ಲಿ ದೋಣಿಗೆ, ಬಲೆಗೆ, ದುಡಿದ ಕೈಗಳಿಗೆ ಪಾಲು ಹೋಗುತ್ತಿತ್ತು. ಮೀನು ಹಿಡಿಯುವವರು ಹೆಚ್ಚಾಗಿ ಮೊಗವೀರರು. ಮೀನು ಹೊತ್ತು ಮಾರುವವರು ಅವರ ಮನೆಯ ಹೆಂಗಸರು. ಒಣಮೀನಿನ ವ್ಯಾಪಾರದಲ್ಲಿ, ಸೈಕಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಹಾರ್ನ್ ಒತ್ತುತ್ತಾ ಹಳ್ಳಿ ಹಳ್ಳಿಗೆ ಮೀನು ತಲುಪಿಸುವ ಕೆಲಸದಲ್ಲಿ ಬ್ಯಾರಿಗಳು. ಹೀಗೆ ಒಂದು ಬಲೆಯ ಹಿಂದೆ ಹಲವು ಸಮುದಾಯಗಳ ಅನ್ನವಿತ್ತು.

ಈಗ ನಮ್ಮ ಪ್ರಶ್ನೆಗಳನ್ನು ಕೇಳೋಣ. ನಷ್ಟ ಯಾರದು? ಎಲ್ಲರದು. ಮೀನು ಬಾರದ ದಿನ ಎಂಬತ್ತು ಮನೆಗಳಿಗೂ ಸಮನಾಗಿ ಕಷ್ಟ. ಮಾತು ಯಾರದು? ಅನುಭವಸ್ಥ ಹಿರಿಯರದು. ಮೀನಿನ ಗುಂಪನ್ನು ನೀರಿನ ಬಣ್ಣದಿಂದ, ಹಕ್ಕಿಗಳ ಹಾರಾಟದಿಂದ ಗುರುತಿಸಬಲ್ಲ ಕಣ್ಣಿಗೆ ಬೆಲೆ. ಬಲೆ ಬಿಡುವ ಗಳಿಗೆಯಲ್ಲಿ ಚರ್ಚೆಗೆ ಅವಕಾಶವಿಲ್ಲ, ಒಬ್ಬರ ಆಜ್ಞೆ ಮಾತ್ರ. ತಿಳಿವಳಿಕೆ ಎಂತಹುದು? ಎಲ್ಲರದೂ ಹೆಚ್ಚುಕಡಿಮೆ ಒಂದೇ, ತಂದೆಯಿಂದ, ಮಾವನಿಂದ ಕಲಿತದ್ದು.

ಇಂತಹ ತಂಡದ ಶಕ್ತಿ ಬಹಳ ದೊಡ್ಡದು. ಅದು ಮುರಿಯುವುದಿಲ್ಲ. ಮುದುಕನನ್ನೂ, ಹುಡುಗನನ್ನೂ, ಕಾಯಿಲೆ ಬಿದ್ದವನನ್ನೂ ಹೇಗೋ ಸಾಗಿಸಿಕೊಂಡು ಹೋಗುತ್ತದೆ. ಆದರೆ ಅದೇ ರಚನೆ ಹೊಸ ಪ್ರಯೋಗಕ್ಕೆ ತಡೆಯೂ ಆಗುತ್ತದೆ. ಒಂದು ಪ್ರಯೋಗ ಸೋತರೆ ಎಂಬತ್ತು ಮನೆಗಳ ಒಂದು ವಾರದ ಗಂಜಿ ಹೋಗುತ್ತದೆ ಎಂದಾದಾಗ, ಬೇಡ ಎನ್ನುವುದು ಅಜ್ಞಾನವಲ್ಲ, ವಿವೇಕ. ಹಳೆಯ ಮೀನುಗಾರರು ಬದಲಾವಣೆಯ ವಿರೋಧಿಗಳಾಗಿದ್ದರು ಎಂದು ಸುಲಭವಾಗಿ ಬರೆದುಬಿಡುವವರು ಈ ಅಂಶವನ್ನು ಗಮನಿಸಬೇಕು.

ತುಂಡು ತುಂಡಾಗಿ ಬಂದ ಹೊಸತು

ರಂಪಣಿಯವರು ಹೊಸತನ್ನು ಸ್ವೀಕರಿಸಲೇ ಇಲ್ಲವೇ? ಖಂಡಿತ ಸ್ವೀಕರಿಸಿದರು. ಹಿಂದೆ ಬಲೆಗಳು ಹತ್ತಿ ಮತ್ತು ನಾರಿನ ನೂಲಿನವು. ಪ್ರತಿಸಲ ಒಣಗಿಸಬೇಕು, ಕೊಳೆಯದಂತೆ ಮರದ ತೊಗಟೆಯ ಕಷಾಯದಲ್ಲಿ ಅದ್ದಬೇಕು. ನೈಲಾನ್ ನೂಲು ಬಂದ ಮೇಲೆ ಬಲೆ ಹಗುರವಾಯಿತು, ಬಾಳಿಕೆಯೂ ಹೆಚ್ಚಿತು. ಕರಾವಳಿಯ ಮೀನುಗಾರರು ಇದನ್ನು ಬೇಗನೆ ಒಪ್ಪಿಕೊಂಡರು.

ಇದಕ್ಕೆ ತಂಡದ ರಚನೆಯೂ ಸಹಾಯಕವಾಯಿತು ಎಂದು ನಾವು ಊಹಿಸಬಹುದು. ತುಂಡುಗಳನ್ನು ಜೋಡಿಸಿ ಮಾಡಿದ ಬಲೆಯಲ್ಲಿ ಒಬ್ಬನು ತನ್ನ ತುಂಡನ್ನು ನೈಲಾನಿಗೆ ಬದಲಿಸಿದರೆ ಉಳಿದವರಿಗೆ ಅಪಾಯವಿಲ್ಲ. ಅವನದು ಚೆನ್ನಾಗಿ ಬಾಳಿಕೆ ಬಂದರೆ ಮುಂದಿನ ವರ್ಷ ಪಕ್ಕದವನೂ ಬದಲಿಸುತ್ತಾನೆ. ಆದರೆ ಮೀನು ಹಿಡಿಯುವ ವಿಧಾನವನ್ನೇ ಬದಲಿಸಬೇಕು ಎಂದರೆ ಅದು ತುಂಡು ತುಂಡಾಗಿ ಸಾಧ್ಯವಿಲ್ಲ. ಎಂಬತ್ತು ಜನರೂ ಒಂದೇ ದಿನ ಒಪ್ಪಬೇಕು. ನೀವು ಯಾವ ಸಂಸ್ಥೆಯಲ್ಲಿದ್ದರೂ ಈ ವ್ಯತ್ಯಾಸವನ್ನು ನೆನಪಿಡಿ. ಒಂದು ಮೂಲೆಯಲ್ಲಿ ಸಣ್ಣದಾಗಿ ಪರೀಕ್ಷಿಸಲು ಅವಕಾಶವಿರುವಲ್ಲಿ ಹೊಸತನ ಸದ್ದಿಲ್ಲದೆ ಬೆಳೆಯುತ್ತದೆ. ಎಲ್ಲವನ್ನೂ ಒಮ್ಮೆಲೇ ಬದಲಿಸಬೇಕಾದಲ್ಲಿ ಸಭೆ ನಡೆಯುತ್ತದೆ, ಸಭೆ ಮುಂದೂಡಲ್ಪಡುತ್ತದೆ.

ಪರ್ಸಿನ್ ಬಂದ ವರ್ಷಗಳು

1975, 76ರ ಸುಮಾರಿಗೆ ನಮ್ಮ ಕರಾವಳಿಯಲ್ಲಿ ವಾಣಿಜ್ಯ ಮಟ್ಟದ ಪರ್ಸಿನ್ ಮೀನುಗಾರಿಕೆ ಆರಂಭವಾಯಿತು. ಪರ್ಸಿನ್ ಬಲೆಯ ತಳದಲ್ಲಿ ಬಳೆಗಳ ಸಾಲಿದೆ. ಆ ಬಳೆಗಳ ಮೂಲಕ ಹಾದುಹೋದ ಹಗ್ಗವನ್ನು ಎಳೆದರೆ ಸಂಚಿಯ ಬಾಯಿ ಮುಚ್ಚಿದಂತೆ ಬಲೆಯ ತಳ ಮುಚ್ಚಿಕೊಳ್ಳುತ್ತದೆ. ಮೀನು ದಡಕ್ಕೆ ಬರಲಿ ಎಂದು ಕಾಯಬೇಕಾಗಿಲ್ಲ. ಇಂಜಿನ್ ಬೋಟಿನಲ್ಲಿ ಮೀನಿದ್ದಲ್ಲಿಗೇ ಹೋಗಿ ಸುತ್ತುವರಿಯಬಹುದು. ಎಂಬತ್ತು ಜನರ ಬದಲು ಇಪ್ಪತ್ತು, ಮೂವತ್ತು ಜನ ಸಾಕು.

ಪರಿಣಾಮ ಊಹಿಸಲು ಕಷ್ಟವಿಲ್ಲ. ದಡಕ್ಕೆ ಬರಬೇಕಾಗಿದ್ದ ಬೂತಾಯಿ, ಬಂಗುಡೆಗಳ ಗುಂಪು ಆಳದಲ್ಲೇ ಬಲೆಗೆ ಬೀಳತೊಡಗಿತು. ದಡದಲ್ಲಿ ಹಗ್ಗ ಹಿಡಿದು ಕಾದವರಿಗೆ ಖಾಲಿ ಬಲೆ. ಕೆಲವೇ ವರ್ಷಗಳಲ್ಲಿ ಪರ್ಸಿನ್ ಬೋಟುಗಳ ಸಂಖ್ಯೆ ನೂರುಗಳನ್ನು ದಾಟಿತು. 1970ರ ದಶಕದ ಕೊನೆಗೆ ರಂಪಣಿಯವರಿಗೂ ಪರ್ಸಿನ್‌ನವರಿಗೂ ನಡುವೆ ತೀವ್ರ ಸಂಘರ್ಷ ನಡೆಯಿತು. ಅದೇ ಸಮಯದಲ್ಲಿ ನೆರೆಯ ಗೋವಾದಲ್ಲಿ ರಂಪಣಿ ಮೀನುಗಾರರು, ಅಲ್ಲಿಯವರ ಮಾತಿನಲ್ಲಿ ರಾಂಪಣಕಾರರು, ಯಾಂತ್ರಿಕ ಬೋಟುಗಳ ವಿರುದ್ಧ ದೊಡ್ಡ ಚಳವಳಿಯನ್ನೇ ನಡೆಸಿದರು. 1980ರ ದಶಕ ಆರಂಭವಾಗುವಷ್ಟರಲ್ಲಿ ನಮ್ಮ ಕಡೆ ದೊಡ್ಡ ರಂಪಣಿ ಬಹುಮಟ್ಟಿಗೆ ಮರೆಯಾಗಿತ್ತು. ಇಂದು ಮಲ್ಪೆ, ಕಾಪುವಿನ ತೀರಗಳಲ್ಲಿ ಅಲ್ಲಲ್ಲಿ ಕಾಣುವ ಕೈರಂಪಣಿ ಅದರ ಸಣ್ಣ ರೂಪ.

ಇಲ್ಲಿ ನಾವು ಕೇಳಬೇಕಾದ ಪ್ರಶ್ನೆ ಇದು: ಸಮುದ್ರದ ಬಗ್ಗೆ ಅಷ್ಟೊಂದು ತಿಳಿದಿದ್ದ ರಂಪಣಿ ತಂಡಗಳು ಮೊದಲ ಪರ್ಸಿನ್ ಬೋಟುಗಳನ್ನು ಏಕೆ ಮಾಡಲಿಲ್ಲ? ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯಂತೆ, ಇವರಲ್ಲಿ ಅನುಭವವಿತ್ತು, ಬಂಡವಾಳವಿರಲಿಲ್ಲ. ಬ್ಯಾಂಕ್ ಸಾಲಕ್ಕೆ ಸಹಿ ಹಾಕಲು ಒಬ್ಬ ಮಾಲಕ ಬೇಕು, ಎಂಬತ್ತು ಪಾಲುದಾರರ ಹೆಬ್ಬೆಟ್ಟು ಒಟ್ಟು ಮಾಡುವುದು ಸುಲಭವಲ್ಲ. ಇನ್ನೊಂದು ಮಾತೂ ಇದೆ. ಎಂಬತ್ತರ ತಂಡ ಮೂವತ್ತರ ತಂಡವಾದರೆ ಉಳಿದ ಐವತ್ತು ಜನ ಯಾರು? ಯಾರನ್ನು ಹೊರಗೆ ಕಳುಹಿಸಬೇಕು? ಅಣ್ಣನನ್ನೇ? ಭಾವನನ್ನೇ? ಸಮಾನತೆಯ ಮೇಲೆ ನಿಂತ ತಂಡಕ್ಕೆ ಈ ಪ್ರಶ್ನೆಯನ್ನು ಕೇಳುವುದೇ ಅಸಾಧ್ಯವಾಗಿತ್ತು. ಮೂರು, ನಾಲ್ಕು ಜನರ ಮಾಲಕತ್ವದ ಹೊಸ ಗುಂಪುಗಳಿಗೆ ಈ ಸಂಕಟವಿರಲಿಲ್ಲ. ಅವರು ಬೇಗ ನಿರ್ಧರಿಸಿದರು, ಬೇಗ ಗೆದ್ದರು. ಅವರ ಗೆಲುವಿನ ಬೆಲೆಯನ್ನು ತಂಡದ ಹೊರಗಿದ್ದವರು ತೆತ್ತರು.

ಸೋತವರ ಹೊಸ ಬಲೆ

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ರಂಪಣಿಯವರಲ್ಲಿ ಹಲವರು ಪರ್ಸಿನ್ ಬೋಟುಗಳಲ್ಲಿ ಕೆಲಸಗಾರರಾದರು. ಇನ್ನು ಕೆಲವರು ಹಳೆಯ ಪಾಲುದಾರಿಕೆಯ ಅಭ್ಯಾಸವನ್ನೇ ಬಳಸಿ, ಒಟ್ಟಾಗಿ ಸಾಲ ಮಾಡಿ ತಾವೇ ಪರ್ಸಿನ್ ಬೋಟುಗಳ ಪಾಲುದಾರರಾದರು. ಮೊದಲು ತಡೆಯಾಗಿದ್ದ ರಚನೆ, ದಾರಿ ಒಮ್ಮೆ ಕಂಡ ಮೇಲೆ ಆಸರೆಯಾಯಿತು ಎಂಬುದನ್ನು ಗಮನಿಸಿ.

ಮೂರನೆಯ ದಾರಿ ಇನ್ನೂ ಸ್ವಾರಸ್ಯಕರ. 1980ರ ದಶಕದಲ್ಲಿ ನಾಡದೋಣಿಗಳಿಗೆ ಔಟ್‌ಬೋರ್ಡ್ ಇಂಜಿನ್ ಬಂತು. ಆಗ ಸಣ್ಣ ಸಣ್ಣ ಗುಂಪುಗಳು ಹೊಸ ಬಗೆಯ ಸುತ್ತುಬಲೆಗಳನ್ನು ಬಳಕೆಗೆ ತಂದವು. ಮಾಟುಬಲೆ, ರಾಣಿಬಲೆ ಎಂದು ಕರಾವಳಿಯಲ್ಲಿ ಕರೆಯುವ ಬಲೆಗಳು ಇವೇ. ರಂಪಣಿಯ ಅನುಭವವನ್ನೂ ಪರ್ಸಿನ್ ಬಲೆಯ ತತ್ವವನ್ನೂ ಸೇರಿಸಿ, ದಡದ ಹತ್ತಿರದ ನೀರಿಗೆ, ಸಣ್ಣ ದೋಣಿಗೆ, ಕಡಿಮೆ ಜನರಿಗೆ ಹೊಂದುವಂತೆ ಮಾಡಿಕೊಂಡ ಬಲೆಗಳು. ಇವುಗಳ ಹಿಂದೆ ಯಾವ ಕಂಪೆನಿಯ ಹೆಸರೂ ಇಲ್ಲ, ಪೇಟೆಂಟ್ ಕೂಡ ಇಲ್ಲ. ತಮ್ಮ ಬಲೆಯನ್ನು ತಾವೇ ಕತ್ತರಿಸಿ, ಹೊಲಿದು, ನೀರಿಗಿಳಿಸಿ ನೋಡಿ, ಸರಿಯಾಗದಿದ್ದರೆ ಮತ್ತೆ ಬಿಚ್ಚಿ ಹೊಲಿಯುವ ಸ್ವಾತಂತ್ರ್ಯ ಆ ಸಣ್ಣ ಗುಂಪುಗಳಿಗಿತ್ತು. ಬಲೆ ಹೊಲಿಯುವವನೂ, ದೋಣಿ ನಡೆಸುವವನೂ, ಮೀನು ಮಾರಿದ ಹಣದ ಲೆಕ್ಕ ಇಡುವವನೂ ಒಂದೇ ದೋಣಿಯಲ್ಲಿ ಕುಳಿತವರು. ತಪ್ಪು ಎಲ್ಲಿದೆ ಎಂದು ಸಂಜೆಯೊಳಗೆ ಗೊತ್ತಾಗುತ್ತಿತ್ತು.

ಅಹಮದಾಬಾದಿನ ಮಗ್ಗಗಳು

ಕಡಲಿನಲ್ಲಿ ಕಂಡ ಈ ಸಂಗತಿಯನ್ನು ಕಾರ್ಖಾನೆಯಲ್ಲೂ ಕಾಣಬಹುದೇ? ನಮ್ಮ ದೇಶದಲ್ಲೇ ನಡೆದ ಒಂದು ಪ್ರಸಿದ್ಧ ಪ್ರಯೋಗವಿದೆ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಎಂಬ ತಜ್ಞರು ಅಹಮದಾಬಾದಿನ ಕ್ಯಾಲಿಕೊ ಮಿಲ್‌ಗೆ ಬಂದರು. ಅಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಅಳವಡಿಸಲಾಗಿತ್ತು. ಯಂತ್ರ ಹೊಸದು, ಆದರೆ ನಿರೀಕ್ಷಿಸಿದ ಫಲಿತಾಂಶವಿಲ್ಲ. ಕಾರಣ ಹುಡುಕಿದಾಗ ತಿಳಿದುಬಂದದ್ದೇನೆಂದರೆ, ಸುಮಾರು ಮೂವತ್ತು ಕೆಲಸಗಾರರನ್ನು ಹನ್ನೆರಡು ಬಗೆಯ ಕೆಲಸಗಳಿಗೆ ಹಂಚಲಾಗಿತ್ತು. ಒಬ್ಬನದು ನೂಲು ಕಟ್ಟುವುದು, ಇನ್ನೊಬ್ಬನದು ಎಣ್ಣೆ ಹಾಕುವುದು, ಮತ್ತೊಬ್ಬನದು ಗುಡಿಸುವುದು. ಯಾವ ಮಗ್ಗವೂ ಯಾರದೂ ಅಲ್ಲ. ಬಟ್ಟೆ ಹಾಳಾದರೆ ಹೊಣೆಯೂ ಯಾರದೂ ಅಲ್ಲ.

ಒಂದಿಷ್ಟು ಮಗ್ಗಗಳನ್ನು ಒಂದು ಸಣ್ಣ ಗುಂಪಿಗೇ ಪೂರ್ತಿಯಾಗಿ ವಹಿಸಿದರೆ ಹೇಗೆ ಎಂಬ ವಿಚಾರವನ್ನು ಮುಂದಿಟ್ಟಾಗ ಕೆಲಸಗಾರರು ಅದನ್ನು ತಕ್ಷಣ ಹಿಡಿದುಕೊಂಡರು. ಯಾರು ಯಾವ ಗುಂಪಿನಲ್ಲಿರಬೇಕು ಎಂಬುದನ್ನು ತಾವೇ ತೀರ್ಮಾನಿಸಿದರು. ಆರಂಭದ ತೊಡಕುಗಳು ಕಳೆದ ಮೇಲೆ ಉತ್ಪಾದನೆ ಹೆಚ್ಚಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. ರೈಸ್ 1958ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದರು. ಜನ ಅದೇ, ಯಂತ್ರ ಅದೇ, ಬದಲಾದದ್ದು ರಚನೆ ಮಾತ್ರ.

ಉಡುಪಿಯ ಎರಡು ಉದಾಹರಣೆ

ಮತ್ತೆ ನಮ್ಮ ಊರಿಗೇ ಬರೋಣ. ದೋಣಿ, ಮಗ್ಗಗಳಲ್ಲಿ ಕಂಡದ್ದನ್ನು ಹಣಕಾಸಿನ ಕ್ಷೇತ್ರದಲ್ಲೂ ನೋಡಬಹುದು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದೂರ್ ಅವರು ಊರಿನ ಸಮಾನ ಮನಸ್ಕರನ್ನು ಸೇರಿಸಿಕೊಂಡು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಸ್ಥಾಪಿಸಿದರು. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಸಂಗ್ರಹವಾಗಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಇದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಗಿ ದೇಶವಿಡೀ ಹರಡಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹಾಜಿ ಅಬ್ದುಲ್ಲಾ ಸಾಹೇಬರನ್ನು ನಾವು ದಾನಿಯೆಂದು ಸ್ಮರಿಸುತ್ತೇವೆ, ಸರಿ. ಆದರೆ ಅವರು ಒಬ್ಬರೇ ಮಾಡದೆ, ಒಂದು ತಂಡವನ್ನು ಕಟ್ಟಿ, ಅದಕ್ಕೆ ನಿಯಮಗಳನ್ನು ಕೊಟ್ಟು, ತಮ್ಮ ನಂತರವೂ ನಡೆಯುವಂತೆ ಮಾಡಿದರು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ.

1925ರಲ್ಲಿ ಅದೇ ಉಡುಪಿಯಲ್ಲಿ ಮೂವರು ಸೇರಿದರು. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಶ್ರೀನಿವಾಸ ಕುಡ್ವ ಇಂಜಿನಿಯರ್, ಡಾ. ಟಿ.ಎಂ.ಎ. ಪೈ ವೈದ್ಯರು. ಕೈಮಗ್ಗದ ಉದ್ಯಮ ಕುಸಿದು ನೇಕಾರರು ಕಷ್ಟಕ್ಕೆ ಸಿಲುಕಿದ್ದ ಕಾಲ ಅದು. ಅವರಿಗೆ ನೆರವಾಗಲೆಂದು 8,000 ರೂಪಾಯಿ ಬಂಡವಾಳದಲ್ಲಿ ಆರಂಭಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದೂ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1928ರಲ್ಲಿ ಈ ಸಂಸ್ಥೆ ಪಿಗ್ಮಿ ಠೇವಣಿ ಯೋಜನೆಯನ್ನು ತಂದಿತು. ಏಜೆಂಟ್ ಪ್ರತಿದಿನ ಮನೆ, ಅಂಗಡಿ ಬಾಗಿಲಿಗೆ ಬಂದು ಎರಡು ಆಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಿದ್ದ. ತಿಂಗಳ ಸಂಬಳವಿಲ್ಲದೆ ದಿನದ ಸಂಪಾದನೆಯಲ್ಲೇ ಬದುಕುವ ಜನರೂ ಉಳಿತಾಯ ಮಾಡಬಹುದು ಎಂಬುದನ್ನು ಈ ಯೋಜನೆ ತೋರಿಸಿಕೊಟ್ಟಿತು.

ಈ ಮೂವರ ಕಸುಬುಗಳನ್ನು ಮತ್ತೊಮ್ಮೆ ಓದಿ. ವ್ಯಾಪಾರಿ, ಇಂಜಿನಿಯರ್, ವೈದ್ಯ. ಪೇಟೆಯ ಲೆಕ್ಕ ಬಲ್ಲವನು, ವ್ಯವಸ್ಥೆ ಕಟ್ಟಬಲ್ಲವನು, ಬಡವರ ಮನೆಯೊಳಗಿನ ಕಷ್ಟವನ್ನು ಹತ್ತಿರದಿಂದ ಕಂಡವನು. ಮೂವರೂ ವ್ಯಾಪಾರಿಗಳೇ ಆಗಿದ್ದರೆ ಎರಡು ಆಣೆಯ ಠೇವಣಿ ಯಾರಿಗೆ ಹೊಳೆಯುತ್ತಿತ್ತು? ರಂಪಣಿ ತಂಡಕ್ಕೆ ಇಲ್ಲದಿದ್ದದ್ದು, ಇಲ್ಲಿದ್ದದ್ದು ಈ ಭಿನ್ನತೆ.

ಲಗಾಮೂ ಬೇಕು

ಹೊಸತೆಲ್ಲವೂ ಒಳ್ಳೆಯದು ಎಂಬ ಭ್ರಮೆಯೂ ಬೇಡ. ಮೀನುಗಾರಿಕೆಯನ್ನು ನಿಯಂತ್ರಿಸಲು ರಾಜ್ಯ 1986ರಲ್ಲಿ ಕಾಯ್ದೆ ತರಬೇಕಾಯಿತು. ಕತ್ತಲಲ್ಲಿ ಪ್ರಖರ ದೀಪ ಹಾಯಿಸಿ ಮೀನನ್ನು ಸೆಳೆಯುವುದು, ಎರಡು ಬೋಟುಗಳು ಜೋಡಿಯಾಗಿ ಬಲೆ ಎಳೆಯುವುದು ಕೂಡ ಒಂದು ರೀತಿಯ ಹೊಸ ಉಪಾಯಗಳೇ. ಆದರೆ ಮರಿಮೀನುಗಳೂ ಬರಿದಾಗುವ ಅಪಾಯ ಕಂಡು 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಇವೆರಡನ್ನೂ ನಿಷೇಧಿಸಿತು. ಒಂದು ತಂಡ ತನ್ನೊಳಗೆ ಎಷ್ಟೇ ಚುರುಕಾಗಿದ್ದರೂ ಹೊರಗಿನವರ ಅನ್ನಕ್ಕೆ, ನಾಳಿನವರ ಪಾಲಿಗೆ ಕೈಹಾಕಿದರೆ ಅದರ ಹೊಸತನ ಬಹಳ ದಿನ ಬಾಳುವುದಿಲ್ಲ. ಪರ್ಸಿನ್ ಬಂದಾಗ ಆ ಐವತ್ತು ಜನರ ಬಗ್ಗೆ ಯಾರೂ ಮೊದಲೇ ಯೋಚಿಸಲಿಲ್ಲ. ಆದ್ದರಿಂದಲೇ ಸಮುದ್ರದಲ್ಲಿ ಜಗಳವಾಯಿತು.

ನಮ್ಮ ತಂಡಗಳಿಗೆ ಕೆಲವು ಪ್ರಶ್ನೆಗಳು

ಸದಸ್ಯ ಬಂಧುಗಳೇ, ಈಗ ನಿಮ್ಮ ಸಂಸ್ಥೆಯ ಕಾರ್ಯಕಾರಿ ಸಮಿತಿಯನ್ನು, ಶಾಲಾ ಸಮಿತಿಯನ್ನು, ವಿದ್ಯಾರ್ಥಿವೇತನದ ಉಪಸಮಿತಿಯನ್ನು ಒಮ್ಮೆ ಈ ಕನ್ನಡಿಯಲ್ಲಿ ನೋಡಿ. ಅಲ್ಲಿ ಎಲ್ಲರೂ ಒಂದೇ ಕಸುಬಿನವರೇ, ಒಂದೇ ವಯಸ್ಸಿನವರೇ? ಶಿಕ್ಷಕಿಯೊಬ್ಬರು, ಯುವಕನೊಬ್ಬ, ಮಗುವಿನ ಶುಲ್ಕ ಕಟ್ಟಲಾಗದೆ ಒದ್ದಾಡಿದ ತಾಯಿಯೊಬ್ಬಳು ಅಲ್ಲಿದ್ದಾರೆಯೇ? ಇದ್ದರೂ ಮಾತನಾಡುತ್ತಾರೆಯೇ? ಹೊಸ ಯೋಜನೆಯೊಂದನ್ನು ಒಂದೇ ತರಗತಿಯಲ್ಲಿ, ಒಂದೇ ವರ್ಷ ಪರೀಕ್ಷಿಸಿ ನೋಡಲು ಅವಕಾಶವಿದೆಯೇ? ಅದು ವಿಫಲವಾದರೆ ಅದನ್ನು ಸೂಚಿಸಿದವನೊಬ್ಬನೇ ತಲೆ ತಗ್ಗಿಸಬೇಕೇ, ಅಥವಾ ಇಡೀ ಸಮಿತಿ ಹೊಣೆ ಹೊರುತ್ತದೆಯೇ?

ವಿದ್ಯಾರ್ಥಿ ಮಿತ್ರರೇ, ಪ್ರಾಜೆಕ್ಟ್ ಕೆಲಸಕ್ಕೆ ಗುಂಪು ಮಾಡುವಾಗ ಬರೀ ಗೆಳೆಯರನ್ನೇ ಸೇರಿಸಿಕೊಳ್ಳುವುದು ನಮ್ಮೆಲ್ಲರ ಅಭ್ಯಾಸ. ಮುಂದಿನ ಬಾರಿ ನಿಮಗಿಂತ ಬೇರೆ ವಿಷಯ ಬಲ್ಲ ಒಬ್ಬರನ್ನಾದರೂ ಸೇರಿಸಿಕೊಳ್ಳಿ. ಒಬ್ಬನು ಬರೆಯುವುದು, ಒಬ್ಬನು ಟೈಪ್ ಮಾಡುವುದು, ಒಬ್ಬನು ಸುಮ್ಮನೆ ಹೆಸರು ಹಾಕುವುದು ಎಂದು ಹಂಚಿಕೊಳ್ಳುವ ಬದಲು ಕೆಲಸವನ್ನು ಪೂರ್ತಿಯಾಗಿ ಎಲ್ಲರೂ ತಿಳಿದುಕೊಳ್ಳಿ.

ರಂಪಣಿಯವರಿಂದ ಹಂಚಿಕೊಂಡು ತಿನ್ನುವುದನ್ನು ಕಲಿಯೋಣ, ಮಾಟುಬಲೆ ಹೊಲಿದ ಸಣ್ಣ ಗುಂಪುಗಳಿಂದ ಬಿಚ್ಚಿ ಮತ್ತೆ ಹೊಲಿಯುವ ಧೈರ್ಯವನ್ನು ಕಲಿಯೋಣ. ಎರಡರಲ್ಲಿ ಒಂದನ್ನು ಬಿಟ್ಟರೂ ನಷ್ಟ ನಮ್ಮ ಮಕ್ಕಳಿಗೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಹೊಸ ಸಮಿತಿಗೆ ಹೆಸರುಗಳನ್ನು ಸೂಚಿಸುವಾಗ, ಈವರೆಗೆ ಹಿಂದಿನ ಸಾಲಿನಲ್ಲಿ ಕುಳಿತು ಒಂದು ಮಾತನ್ನೂ ಆಡದ ಒಬ್ಬರ ಹೆಸರನ್ನು ನೀವು ಸೂಚಿಸುವಿರಾ?